ಮನೆದೇವರು ಕೇಳಿದರೆ ಕಾಲೇಜು ಹೇಳಿದವಳು

ಯಾರಾದರೂ ನನ್ನ ಕೈಗೆ ಚಹಾ ಕೊಟ್ಟರೆ ನಾನು ಮೊದಲು ನೋಡುವುದು ಕಪ್ಪನ್ನು. ಮನೆಯವರಿಗೆಲ್ಲ ಪಿಂಗಾಣಿ ಬಂದು ನನಗೊಬ್ಬಳಿಗೆ ಸ್ಟೀಲ್ ಲೋಟ ಬಂದರೆ ಅದಕ್ಕೊಂದು ಅರ್ಥ. ಎಲ್ಲರಿಗೂ ಸ್ಟೀಲ್ ಕೊಟ್ಟು ನನಗೆ ಮಾತ್ರ ಗಾಜಿನದು ಕೊಟ್ಟರೆ ಅದಕ್ಕೂ ಒಂದು ಅರ್ಥ. ನಲವತ್ತು ದಾಟುವ ಹೊತ್ತಿಗೆ ಈ ವಿದ್ಯೆಯಲ್ಲಿ ನಾನು ಪಂಡಿತಳಾಗಿದ್ದೆ. ಈಗೀಗ ಕಾಗದದ ಕಪ್ಪುಗಳು ಬಂದು ನನ್ನ ಪಾಂಡಿತ್ಯವನ್ನೆಲ್ಲ ಕೆಡಿಸಿಬಿಟ್ಟಿವೆ. ಕೊಟ್ಟವರು ಸ್ವಚ್ಛವಾಗಿರಲಿ ಎಂದು ಕೊಟ್ಟರೋ, ತೊಳೆಯುವ ಬೇಸರಕ್ಕೆ ಕೊಟ್ಟರೋ, ಕುಡಿದ ಮೇಲೆ ಬಿಸಾಡಬಹುದೆಂದು ಕೊಟ್ಟರೋ, ತಲೆಕೆಳಗಾಗಿ ನಿಂತರೂ ಗೊತ್ತಾಗುವುದಿಲ್ಲ.

ನಾನು ಸುರಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಅಮೇರಿಕದಿಂದ ಅತಿಥಿಯೊಬ್ಬಳು ಹದಿನೈದು ದಿನ ನಮ್ಮ ಕಾಲೇಜಿಗೆ ಬರುತ್ತಾಳೆಂದು ಪ್ರಿನ್ಸಿಪಾಲರು ನನ್ನನ್ನು ಕರೆದು ಹೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ಮೇಲಿನಿಂದ ಪತ್ರ ಬಂದಿತ್ತು. ಆಕೆ ಅಲ್ಲಿನ ಕಪ್ಪುಜನರ ಕಾಲೇಜೊಂದರಲ್ಲಿ ಪ್ರೊಫೆಸರ್, ಮನೆಯಲ್ಲಿ ಮೊದಲ ಬಾರಿಗೆ ಓದುತ್ತಿರುವ ನಮ್ಮ ಹುಡುಗ ಹುಡುಗಿಯರನ್ನು ನೋಡಬೇಕಂತೆ.

"ಲಾಡ್ಜಿನ್ಯಾಗ ಇಡೂದು ಬರೋಬ್ಬರಿ ಆಗಲ್ರಿ ಮೇಡಂ," ಎಂದರು ಪ್ರಿನ್ಸಿಪಾಲರು. "ನಿಮ್ಮ ಮನಿ ದೊಡ್ಡದೈತಿ, ಒಬ್ಬರ ಇರ್ತೀರಿ. ನಿಮ್ಮ ಹಂತ್ಯಾಕ ಇರ್ಲಿ."

ಹದಿನೆಂಟು ಜನ ಅಧ್ಯಾಪಕರಲ್ಲಿ ನಾನೇ ಏಕೆ? ಕಪ್ಪುಜನರ ಕಾಲೇಜು ಎಂದೊಡನೆ ಇವರಿಗೆ ನನ್ನ ನೆನಪು ಏಕಾಯಿತು? ನನ್ನ ಸರ್ವಿಸ್ ಫೈಲಿನಲ್ಲಿ ನನ್ನ ಜಾತಿ ಇದೆ. ಫೈಲು ಇರುವುದು ಅವರ ಕಪಾಟಿನಲ್ಲಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವಳು ನಾನು. "ಆಯ್ತ್ರಿ ಸರ್" ಎಂದು ಹೊರಗೆ ಬಂದೆ.

ಭಯ ಇದ್ದದ್ದು ಮನೆಯ ವಿಷಯದಲ್ಲಿ. ನಾನಿದ್ದದ್ದು ಬಾಡಿಗೆಯ ಮಹಡಿ ಮನೆ. ಕೆಳಗೆ ಮಾಲಕರು. ಗಂಡನದು ಕಿರಾಣಿ ಅಂಗಡಿ. ಹೆಂಡತಿ ಬೆಳಿಗ್ಗೆ ಮಿಂದು ಮೂರು ಬೆರಳು ವಿಭೂತಿ ಹಚ್ಚಿಕೊಂಡು, ಪೂಜೆ ಮುಗಿಸಿ, ಆಮೇಲೆ ಒಲೆ ಹಚ್ಚುವವರು. ಒಂಬತ್ತು ವರ್ಷದ ಹಿಂದೆ ಮನೆ ನೋಡಲು ಹೋದ ದಿನ ಆಕೆ ನೀರು ಕೊಟ್ಟು, ಕೂರಿಸಿ, ಬಹಳ ಮರ್ಯಾದೆಯಿಂದ ಕೇಳಿದ್ದರು: "ನಿಮ್ಮ ಮನಿದೇವ್ರು ಯಾವುದ್ರಿ ಅಕ್ಕೋರ?"

ನಮ್ಮ ಕಡೆ ಜಾತಿಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಅದು ಹಲ್ಕಾ ಮಾತು. ಮನೆದೇವರನ್ನು ಕೇಳುತ್ತಾರೆ. ಯಾವ ದೇವರಿಗೆ ನಡೆದುಕೊಳ್ಳುತ್ತೀರಿ ಎಂಬುದು ಗೊತ್ತಾದರೆ ಯಾವ ಓಣಿಯವರು, ಏನು ತಿನ್ನುವವರು, ಯಾರಿಗೆ ಹೆಣ್ಣು ಕೊಡುವವರು ಎಲ್ಲ ಗೊತ್ತಾದಂತೆಯೇ. ನನ್ನ ಹತ್ತಿರ ಉತ್ತರ ಸಿದ್ಧವಿತ್ತು. "ತಿಂಥಣಿಗಿ ನಡಕೋತೀವ್ರಿ" ಎಂದಿದ್ದೆ. ಕೃಷ್ಣೆಯ ದಂಡೆಯ ತಿಂಥಣಿಯ ಗುಡಿಗೆ ಈ ಸೀಮೆಯಲ್ಲಿ ನಡೆದುಕೊಳ್ಳದವರು ಯಾರು? ಒಕ್ಕಲುತನದವರು, ಬಡಿಗೇರರು, ಮೀನು ಹಿಡಿಯುವವರು, ಮುಸಲ್ಮಾನರು, ನಾವು, ಎಲ್ಲರೂ. ಆ ಹೆಸರು ಹೇಳಿದರೆ ಕೇಳಿದವರ ಕೈಗೆ ಏನೂ ಸಿಗುವುದಿಲ್ಲ. ಆಕೆ ಒಂದು ಕ್ಷಣ ನನ್ನ ಮುಖ ನೋಡಿ, ನನ್ನ ಸೀರೆ ನೋಡಿ, ಇಂಗ್ಲಿಷ್ ಟೀಚರ್ ಎಂಬುದನ್ನು ನೆನೆದು, ತಮಗೆ ಬೇಕಾದದ್ದನ್ನು ಊಹಿಸಿಕೊಂಡು ಕೀಲಿಕೈ ಕೊಟ್ಟರು. ಆ ದಿನದಿಂದ ನನಗೆ ನೀಲಿ ಹೂವಿನ ಪಿಂಗಾಣಿ ಕಪ್ಪಿನಲ್ಲಿ ಚಹಾ.

ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅದಕ್ಕೆ ದಂಡ ಕಟ್ಟುತ್ತಿದ್ದವಳು ನಮ್ಮವ್ವ. ಅವಳು ಶಹಾಪುರದಲ್ಲಿ ಹೆಣ್ಣುಮಕ್ಕಳ ಎಸ್ಸಿ ಹಾಸ್ಟೆಲ್ಲಿನಲ್ಲಿ ಮೂವತ್ತು ವರ್ಷ ಅಡಿಗೆ ಮಾಡಿದವಳು. ನಾನು ಐದನೆಯ ತರಗತಿಯಿಂದ ಪಿಯುಸಿವರೆಗೆ ಅದೇ ಹಾಸ್ಟೆಲ್ಲಿನಲ್ಲಿ ಬೆಳೆದವಳು. ಅವ್ವ ಬಾಯಿ ತೆರೆದರೆ ಎರಡು ಮಾತಿನಲ್ಲಿ ಹಾಸ್ಟೆಲ್ಲು ಬರುತ್ತದೆ, ಮೂರನೆಯದರಲ್ಲಿ ನಮ್ಮ ಕೇರಿ ಬರುತ್ತದೆ. ಅದಕ್ಕೇ ಅವಳನ್ನು ಒಂದು ದಿನವೂ ನನ್ನ ಮನೆಗೆ ಕರೆತಂದಿರಲಿಲ್ಲ. ಪ್ರತಿ ಭಾನುವಾರ ನಾನೇ ಬಸ್ಸು ಹತ್ತಿ ಶಹಾಪುರಕ್ಕೆ, ತಮ್ಮನ ಮನೆಗೆ ಹೋಗುತ್ತಿದ್ದೆ.

ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಯಾದಗಿರಿಯ ಡಾಕ್ಟರು ಬೇಗ ಆಪರೇಷನ್ ಮಾಡಿಸಿ, ಆಮೇಲೆ ಒಂದು ತಿಂಗಳು ಹೊಗೆ ಧೂಳು ತಾಗದಂತೆ ಇಡಿ ಎಂದಿದ್ದರು. ತಮ್ಮನ ಮನೆ ಅರಳೆ ಬಿಡಿಸುವ ಜಿನ್ನಿನ ಗಿರಣಿಯ ಬೆನ್ನಿಗೇ ಇದೆ. ಸುಗ್ಗಿಯಲ್ಲಿ ಅಲ್ಲಿ ಅನ್ನದ ಮೇಲೂ ಅರಳೆ. ಅವಳನ್ನು ಇಡಬಹುದಾಗಿದ್ದ ಜಾಗ ನನ್ನ ಮಹಡಿ ಮನೆ ಒಂದೇ. ನಾನು ಎರಡು ವರ್ಷದಿಂದ "ಮುಂದಿನ ತಿಂಗಳು ನೋಡೋಣು ಬೇ" ಎನ್ನುತ್ತಿದ್ದೆ. ಅವಳು ಒಮ್ಮೆಯೂ ಯಾಕೆ ಎಂದು ಕೇಳಿರಲಿಲ್ಲ. ಕೇಳದೇ ಇದ್ದದ್ದೂ ನನಗೆ ಸಂಶಯವೇ.

ಜನವರಿಯ ಒಂದು ಬೆಳಿಗ್ಗೆ ಯಾದಗಿರಿ ಸ್ಟೇಷನ್ನಿನಲ್ಲಿ ಅತಿಥಿ ಇಳಿದಳು. ಎತ್ತರದ ಹೆಂಗಸು, ಐವತ್ತರ ಮೇಲೆ. ನನಗಿಂತ ಒಂದು ಪಟ್ಟು ಹೆಚ್ಚು ಕಪ್ಪು. ತಲೆತುಂಬ ಸಣ್ಣ ಸಣ್ಣ ಜಡೆ. ಎದೆಯ ಮೇಲೆ ಅಂಗೈ ಅಗಲದ ಅಕ್ಷರಗಳಲ್ಲಿ ಕಾಲೇಜಿನ ಹೆಸರಿದ್ದ ಕೆಂಪು ಅಂಗಿ. ಜೀಪು ಹತ್ತಿ ಇನ್ನೂ ಊರು ದಾಟಿರಲಿಲ್ಲ, ಆಗಲೇ ತನ್ನ ಕಾಲೇಜಿನ ಕತೆ ಶುರುಮಾಡಿದಳು. ಗುಲಾಮಗಿರಿ ಮುಗಿದ ಮೇಲೆ, ಬಿಡುಗಡೆಯಾದ ಜನರಿಗೆ ಅಕ್ಷರ ಕಲಿಸಲು ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಶುರುವಾದದ್ದಂತೆ. ಮೊದಲ ಕಟ್ಟಡದ ಇಟ್ಟಿಗೆಯನ್ನು ವಿದ್ಯಾರ್ಥಿಗಳೇ ಸುಟ್ಟರಂತೆ. ತನ್ನ ಮುತ್ತಜ್ಜ ಹಗಲು ಇಟ್ಟಿಗೆ ಸುಟ್ಟು ಸಂಜೆ ಅಕ್ಷರ ತಿದ್ದಿದವನಂತೆ. ಅಂಥ ಕಾಲೇಜುಗಳು ಅವರ ದೇಶದಲ್ಲಿ ಇನ್ನೂ ನೂರರಷ್ಟಿವೆಯಂತೆ.

ನಾನು ಡ್ರೈವರನ ಬೆನ್ನು ನೋಡುತ್ತ ಕುಳಿತಿದ್ದೆ. ಹೀಗೆ ಮೊದಲ ಅರ್ಧಗಂಟೆಯಲ್ಲೇ ತನ್ನ ಹುಟ್ಟನ್ನು ಬಿಚ್ಚಿ ಹರಡುವವರನ್ನು ನಾನು ನಂಬುವುದಿಲ್ಲ. ಏನೋ ಕೊಟ್ಟು ಏನೋ ಪಡೆಯುವ ಲೆಕ್ಕ ಇರುತ್ತದೆ. ನಾನೆಣಿಸಿದಂತೆಯೇ ಅವಳು ಕೇಳಿದಳು: "ನೀವು ಎಲ್ಲಿ ಓದಿದ್ದು?"

"ಎಂ.ಎ. ಕಲಬುರಗಿಯಲ್ಲಿ."

"ಅದಕ್ಕೆ ಮೊದಲು?"

"ಶಹಾಪುರ. ಸಂಬಂಧಿಕರ ಮನೆಯಲ್ಲಿದ್ದೆ."

ಅಷ್ಟರಲ್ಲಿ ಶಹಾಪುರ ಬಂತು. ಬುದ್ಧ ಮಲಗಿದಂತೆ ಕಾಣುವ ಗುಡ್ಡವನ್ನು ತೋರಿಸಿದೆ. ಅವಳು ಜೀಪು ನಿಲ್ಲಿಸಿ ಇಳಿದು ಬಹಳ ಹೊತ್ತು ನೋಡಿದಳು. ಅವಳು ನಿಂತಿದ್ದ ಜಾಗದಿಂದ ಹಾಸ್ಟೆಲ್ಲಿನ ಹಳದಿ ಗೋಡೆ ಇನ್ನೂರು ಹೆಜ್ಜೆ. ನಾನು ಗುಡ್ಡದ ಕಡೆಗೇ ಕೈ ಮಾಡುತ್ತಿದ್ದೆ.

ಮಾಲಕರ ಹೆಂಡತಿಗೆ ಮೊದಲ ಎರಡು ದಿನ ದಿಗಿಲು. "ಅಮೇರಿಕದವರಂದ್ರ ಬೆಳ್ಳಗ ಇರ್ತಾರಲ್ರಿ ಅಕ್ಕೋರ? ಇಕಿ ಖರೇನ ಅಲ್ಲಿಯಾಕಿ ಹೌದೋ ಅಲ್ಲೋ, ಕಾಗದಪತ್ರ ನೋಡೀರೇನು?" ಎಂದು ಮೆಟ್ಟಿಲ ಬುಡದಲ್ಲಿ ತಡೆದು ಪಿಸುಗುಟ್ಟಿದರು. ಪಾಸ್‌ಪೋರ್ಟ್ ನೋಡಿದ್ದೇನೆ ಎಂದೆ. ನಿಜ ಹೇಳಬೇಕೆಂದರೆ ನೋಡಿಯೂ ಇದ್ದೆ. ಅವಳು ಸ್ನಾನಕ್ಕೆ ಹೋದಾಗ ಮೇಜಿನ ಮೇಲಿತ್ತು.

ಕಾಲೇಜಿನಲ್ಲಿ ಅವಳ ಭಾಷಣ ಕೇಳಲು ಹುಡುಗರು ಕಿಟಕಿಯ ಮೇಲೆ ಕೂತಿದ್ದರು. ನಾನು ವಾಕ್ಯ ವಾಕ್ಯ ಕನ್ನಡಕ್ಕೆ ಹೇಳುತ್ತಿದ್ದೆ. ಬಿಳಿಯರ ಕಾಲೇಜುಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ತಮ್ಮ ಡಾಕ್ಟರು, ವಕೀಲರು, ಶಿಕ್ಷಕಿಯರೆಲ್ಲ ಈ ಕಾಲೇಜುಗಳಿಂದಲೇ ಬಂದರು ಎಂದಳು. ನಮ್ಮ ಸೂರು ಇವತ್ತಿಗೂ ಕೆಲವು ಕಡೆ ಸೋರುತ್ತದೆ, ಪಕ್ಕದ ದೊಡ್ಡ ವಿಶ್ವವಿದ್ಯಾಲಯಕ್ಕೆ ಕೊಟ್ಟಷ್ಟು ಸರ್ಕಾರ ನಮಗೆಂದೂ ಕೊಟ್ಟಿಲ್ಲ ಎಂದಳು. ಸೋರುತ್ತದೆ ಎಂದದ್ದು ಕೇಳಿ ಮೊದಲ ಸಲ ಅವಳ ಮೇಲೆ ನನಗೆ ತುಸು ನಂಬಿಕೆ ಬಂತು.

ಕೊನೆಗೆ ಯಾರೂ ಪ್ರಶ್ನೆ ಕೇಳದಿದ್ದಾಗ ನಾನೇ ಕೇಳಿದೆ. ಮಾತು ಸ್ವಲ್ಪ ಖಾರವಾಗಿಯೇ ಬಂತು. "ಈಗ ಎಲ್ಲ ಕಾಲೇಜಿನ ಬಾಗಿಲೂ ತೆರೆದಿವೆಯಲ್ಲ? ಮತ್ತೆ ಬೇರೆ ಕಾಲೇಜು ಯಾಕೆ? ಬೇರೆ ಎಂದು ಮೊಹರು ಹೊಡೆಸಿಕೊಂಡ ಹಾಗಲ್ಲವೇ?"

ಅವಳು ನನ್ನನ್ನೇ ನೋಡಿದಳು. "ನಮ್ಮಲ್ಲಿ ಬಿಳಿಯ ಮಕ್ಕಳೂ ಓದುತ್ತಾರೆ, ಯಾರನ್ನೂ ತಡೆಯುವುದಿಲ್ಲ," ಎಂದಳು. "ಉಳಿದದ್ದನ್ನು ನಿಮಗೆ ಆಮೇಲೆ ಹೇಳುತ್ತೇನೆ."

ಆ ಭಾಷಣದ ಸುದ್ದಿ ಹರಡಿ ಮಾಲಕರ ಹೆಂಡತಿಗೆ ದಿಗಿಲು ಹೋಗಿ ಹೆಮ್ಮೆ ಬಂತು. ಊರಿನ ನಾಲ್ಕು ಹೆಂಗಸರ ಮುಂದೆ ಹೇಳಿಕೊಳ್ಳಲು ಅವರ ಮನೆಯಲ್ಲೊಬ್ಬಳು ಅಮೇರಿಕದವಳು. ಆರನೆಯ ದಿನ ಇಬ್ಬರನ್ನೂ ಊಟಕ್ಕೆ ಕರೆದರು. ಅಡಿಗೆಮನೆಯಲ್ಲೇ ಮಣೆ ಹಾಕಿ, ಬಿಸಿ ರೊಟ್ಟಿ, ಬೆಣ್ಣೆ, ಪುಂಡಿಪಲ್ಯೆ, ಶೇಂಗಾಚಟ್ನಿ ಬಡಿಸಿದರು. ಅತಿಥಿ ರೊಟ್ಟಿ ತಟ್ಟುವುದನ್ನು ಬೆರಗಾಗಿ ನೋಡುತ್ತಿದ್ದಳು. ಆಗ ಮಾಲಕರ ಹೆಂಡತಿ ಕಾವಲಿಯ ಮೇಲಿನ ರೊಟ್ಟಿ ತಿರುವುತ್ತ ನನಗೆ ಹೇಳಿದರು: "ಅಕಿ ಮನಿದೇವ್ರು ಯಾವುದಂತ ಜರಾ ಕೇಳ್ರಿ ಅಕ್ಕೋರ."

ಇದನ್ನು ಇಂಗ್ಲಿಷಿಗೆ ಹೇಗೆ ಹೇಳುವುದು? ನಿಮ್ಮ ಮನೆತನದವರು ಮೊದಲಿನಿಂದ ಯಾವುದಕ್ಕೆ ತಲೆಬಾಗುತ್ತ ಬಂದಿದ್ದೀರಿ ಎಂದು ಕೇಳುತ್ತಿದ್ದಾರೆ ಎಂದೆ.

ಅವಳು ಯೋಚಿಸಿದಳು. "ನನ್ನ ಮುತ್ತಜ್ಜನ ಹಿಂದಿನವರು ಯಾರೆಂದು ನಮಗೆ ಗೊತ್ತಿಲ್ಲ. ಅವರನ್ನು ಮಾರುತ್ತಿದ್ದರು. ಊರು, ಹೆಸರು, ದೇವರು ಎಲ್ಲ ಆ ಕಡೆಯೇ ಉಳಿಯಿತು. ಮುತ್ತಜ್ಜ ಇಟ್ಟಿಗೆ ಸುಟ್ಟ ಆ ಕಾಲೇಜಿಗೆ ನನ್ನ ಅಜ್ಜಿ ಹೋದಳು, ಅಮ್ಮ ಹೋದಳು, ನಾನು ಹೋದೆ. ಕಾಲೇಜು ಎಂದೇ ಹೇಳಿ."

ಬದಲಿಸಿ ಹೇಳಬಹುದಿತ್ತು. ಕ್ರಿಸ್ತ ಎಂದಿದ್ದರೆ ಮಾತು ಮುಗಿಯುತ್ತಿತ್ತು. ಯಾಕೋ ಇದ್ದದ್ದನ್ನು ಇದ್ದಂತೆಯೇ ಹೇಳಿದೆ.

"ಮನಷ್ಯಾರನ್ನ ಮಾರ್ತಿದ್ರಂತ?" ಆಕೆಯ ಕೈ ನಿಂತಿತು. "ಅಯ್ಯ ಶಿವನ, ಪಾಪ." ರೊಟ್ಟಿ ಕೆಳಗಿಳಿಸಿ ತಲೆ ಎತ್ತಿದರು. "ಅಂದ್ರ ಇವ್ರು ಅಲ್ಲೀ ಕೆಳಗಿನ ಮಂದಿ ಅಂದಂಗಾತು."

ನಾನು ರೊಟ್ಟಿ ಮುರಿದು ಪುಂಡಿಪಲ್ಯೆಗೆ ಹಚ್ಚಿದೆ.

"ಇರ್ಲಿ ಬಿಡ್ರಿ, ದೂರದೇಶದಾಕಿ," ಎಂದು ಆಕೆ ಅತಿಥಿಯ ತಾಟಿಗೆ ಬಿಸಿ ರೊಟ್ಟಿ ಹಾಕಿ ಮೇಲೊಂದು ಉಂಡೆ ಬೆಣ್ಣೆ ಇಟ್ಟರು. "ಇಲ್ಲಿಯವರಾಗಿದ್ರ ಮಾತು ಬ್ಯಾರೆ. ಒಲಿತನಕ ಹ್ಯಾಂಗ ಕರಿಯಾಕ ಬರ್ತಿತ್ತು, ನೀವ ಹೇಳ್ರಿ?"

ಒಲೆಯಿಂದ ಎರಡು ಮೊಳ ದೂರ ಕೂತು ಅದೇ ಬೆಣ್ಣೆ ತಿನ್ನುತ್ತಿದ್ದ ನಾನು "ಹೌದ್ರಿ ಅವ್ವಾರ" ಎಂದೆ. ಆ ಎರಡು ಮಾತಿಗಾಗಿ ನನಗೆ ಇವತ್ತಿಗೂ ನನ್ನ ಮೇಲೆ ಸಿಟ್ಟಿದೆ.

"ಏನೆಂದರು?" ಎಂದು ಅತಿಥಿ ಕೇಳಿದಳು.

"ನೀವು ಬಂದದ್ದು ಸಂತೋಷ ಅಂದರು."

"ಸಂತೋಷಕ್ಕೆ ಇಷ್ಟು ಮಾತು ಬೇಕಾಯಿತೇ?" ಎಂದು ಅವಳು ರೊಟ್ಟಿ ಮುರಿದಳು.

ಅವಳಿಗೂ ಸಂಶಯ ಬಂದಿದೆ ಎಂದು ನನಗೆ ಸಂಶಯ ಬಂತು. ಅವಳ ಹತ್ತಿರ ಒಂದು ದಪ್ಪ ನೋಟ್‌ಬುಕ್ ಇತ್ತು. ದಿನಾ ಸಂಜೆ ಬಾಲ್ಕನಿಯಲ್ಲಿ ಕೂತು ಬರೆಯುತ್ತಿದ್ದಳು. ನಮ್ಮ ಬಗ್ಗೆ ಏನು ಬರೆಯುತ್ತಾಳೆ? ಅಲ್ಲಿ ಹೋಗಿ ಯಾರಿಗೆ ತೋರಿಸುತ್ತಾಳೆ? ಮರುದಿನ ಅವಳು ಕೆಳಗೆ ರೊಟ್ಟಿ ತಟ್ಟಲು ಕಲಿಯುತ್ತಿದ್ದಾಗ ಅದನ್ನು ತೆರೆದೆ. ಮಾಡಬಾರದ ಕೆಲಸ, ಮಾಡಿದೆ. ಕೊನೆಯ ಪುಟದಲ್ಲಿ ನಾನಿದ್ದೆ. ನನ್ನ ಆತಿಥೇಯಳು ತನ್ನ ಬಗ್ಗೆ ಏನೂ ಹೇಳುವುದಿಲ್ಲ ಎಂದು ಬರೆದಿದ್ದಳು. ಕುಡಿಯುವ ಮೊದಲು ಕಪ್ಪನ್ನು ನೋಡುತ್ತಾಳೆ, ಆಮೇಲೆ ಬೇರೆಯವರ ಕಪ್ಪುಗಳನ್ನು ನೋಡುತ್ತಾಳೆ, ನನ್ನ ಅಜ್ಜಿಯೂ ಹೀಗೆಯೇ ನೋಡುತ್ತಿದ್ದಳು ಎಂದೂ ಬರೆದಿದ್ದಳು.

ಒಂಬತ್ತು ವರ್ಷದಲ್ಲಿ ಮಾಲಕರಿಗೆ ಗೊತ್ತಾಗದ್ದು, ಇಪ್ಪತ್ತು ವರ್ಷದಲ್ಲಿ ಸಹೋದ್ಯೋಗಿಗಳಿಗೆ ಕಾಣದ್ದು ಇವಳಿಗೆ ಒಂದು ವಾರದಲ್ಲಿ ಕಂಡಿತ್ತು. ಸಿಕ್ಕಿಬಿದ್ದೆ ಎಂಬ ಭಯ ಮೊದಲು ಬಂತು. ಆಮೇಲೆ ಅಳು ಬಂತು. ಅಳು ಯಾಕೆಂದು ಆಗ ತಿಳಿಯಲಿಲ್ಲ.

ಆ ಶನಿವಾರ ಬೋನಾಳದ ಕೆರೆಗೆ ಹಕ್ಕಿ ನೋಡಲು ಹೋದೆವು. ಏರಿಯ ಮೇಲೆ ಕೂತಾಗ ನಾನು, "ನಿಮ್ಮ ನೋಟ್‌ಬುಕ್ ಓದಿದೆ," ಎಂದೆ.

ಅವಳ ಮುಖ ಬಿಗಿಯಿತು. "ಹಾಗೆ ಮಾಡಬಾರದಿತ್ತು," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಓದಿದ್ದಾಯಿತಲ್ಲ. ತಪ್ಪೇನಾದರೂ ಬರೆದಿದ್ದರೆ ಹೇಳಿ, ತಿದ್ದುತ್ತೇನೆ."

"ತಪ್ಪಿಲ್ಲ," ಎಂದೆ. ಆಮೇಲೆ ಹಾಸ್ಟೆಲ್ಲು, ಅವ್ವ, ತಿಂಥಣಿ, ನೀಲಿ ಹೂವಿನ ಕಪ್ಪು, ಅವ್ವನ ಕಣ್ಣು ಎಲ್ಲ ಹೇಳಿಬಿಟ್ಟೆ. ಅಷ್ಟು ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ್ದರಿಂದಲೇ ಹೇಳಲು ಸಾಧ್ಯವಾಯಿತೋ ಏನೋ. ಕನ್ನಡದಲ್ಲಾಗಿದ್ದರೆ ಹೊರಗೆ ಬರುತ್ತಿರಲಿಲ್ಲ.

ಅವಳು ನನ್ನ ಪ್ರಶ್ನೆಗೆ ಉತ್ತರ ಕೊಟ್ಟದ್ದು ಆಗ. ಅವಳಿಗೆ ಹದಿನೆಂಟರಲ್ಲಿ ಒಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತಂತೆ. ಅಲ್ಲಿ ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಆದರೆ ಲೈಬ್ರರಿಗೆ ಹೋದರೆ ಕಾವಲಿನವನು ಗುರುತಿನ ಚೀಟಿ ಕೇಳುತ್ತಿದ್ದ, ಮುಂದೆ ಹೋದ ಬಿಳಿಯ ಗೆಳತಿಯರನ್ನು ಕೇಳುತ್ತಿರಲಿಲ್ಲ. ಕೇಳಿದ್ದು ತನ್ನ ಬಣ್ಣಕ್ಕೋ, ಅವನ ಕೆಲಸವೇ ಅದೋ ಎಂದು ಯೋಚಿಸುತ್ತಲೇ ಅರ್ಧ ದಿನ ಕಳೆಯುತ್ತಿತ್ತು. ಒಂದು ವರ್ಷಕ್ಕೆ ಬಿಟ್ಟು ಅಮ್ಮ ಓದಿದ ಕಾಲೇಜಿಗೆ ಬಂದಳು. "ಅಲ್ಲಿಯೂ ಕೆಟ್ಟ ಮೇಷ್ಟ್ರಿದ್ದರು, ಕೆಟ್ಟ ಊಟವಿತ್ತು," ಎಂದು ನಕ್ಕಳು. "ಆದರೆ ಯಾರಾದರೂ ನನ್ನ ಮೇಲೆ ಸಿಟ್ಟಾದರೆ ಅದು ನನ್ನ ಮೇಲಿನ ಸಿಟ್ಟೇ ಆಗಿರುತ್ತಿತ್ತು. ಅನುಮಾನ ಪಡುವ ಕೆಲಸ ಇರಲಿಲ್ಲ. ನಾಲ್ಕು ವರ್ಷ ತಲೆ ಖಾಲಿ ಇತ್ತು. ಅಲ್ಲಿ ಓದು ಹಿಡಿಯಿತು."

ನನ್ನ ಹಾಸ್ಟೆಲ್ಲಿನ ದಿನಗಳು ನೆನಪಾದವು. ಅಲ್ಲಿ ಹಿಟ್ಟಿನಲ್ಲಿ ಹುಳ ಇದ್ದವು, ನೀರಿಗೆ ಜಗಳ ಇತ್ತು, ವಾರ್ಡನ್ನಿನ ಬೆತ್ತ ಇತ್ತು. ಲೋಟ ನೋಡಿ ಕುಡಿಯುವ ಕೆಲಸ ಮಾತ್ರ ಇರಲಿಲ್ಲ. ನಾನು ಈ ವಿದ್ಯೆ ಕಲಿತದ್ದೆಲ್ಲ ಅಲ್ಲಿಂದ ಹೊರಗೆ ಬಂದ ಮೇಲೆ.

"ನಿಮ್ಮ ಹಾಸ್ಟೆಲ್ಲಿಗೆ ಹಳೆಯ ಹುಡುಗಿಯರು ಯಾವಾಗ ಬರುತ್ತಾರೆ?" ಎಂದು ಕೇಳಿದಳು. ಅವರಲ್ಲಿ ವರ್ಷಕ್ಕೊಮ್ಮೆ, ಚಳಿ ಬೀಳುವ ಮೊದಲು, ಹಳಬರೆಲ್ಲ ಮಕ್ಕಳು ಮೊಮ್ಮಕ್ಕಳ ಸಮೇತ ಕಾಲೇಜಿಗೆ ಮರಳುತ್ತಾರಂತೆ. ಮೈದಾನದಲ್ಲಿ ಮೀನು ಹುರಿಯುತ್ತಾರೆ, ಬ್ಯಾಂಡು ಬಾರಿಸುತ್ತಾರೆ, ಎಂಬತ್ತರ ಮುದುಕಿಯರೂ ಕೆಂಪು ಅಂಗಿ ಹಾಕಿ ಕುಣಿಯುತ್ತಾರೆ.

"ಯಾರೂ ಬರುವುದಿಲ್ಲ," ಎಂದೆ. "ಎದುರು ಸಿಕ್ಕರೂ ಹಾಸ್ಟೆಲ್ಲಿನ ಮಾತು ಎತ್ತುವುದಿಲ್ಲ."

"ಹಾಗಾದರೆ ನಾವೇ ಹೋಗೋಣ."

ಮರುದಿನ ಭಾನುವಾರ. ಅವ್ವ ರಿಟೈರಾಗಿ ಆರು ವರ್ಷವಾದರೂ ಹಗಲೆಲ್ಲ ಹಾಸ್ಟೆಲ್ಲಿನ ಅಡಿಗೆಮನೆಯ ಕಟ್ಟೆಯ ಮೇಲೆಯೇ ಇರುತ್ತಿದ್ದಳು. ನನ್ನ ದನಿ ಕೇಳಿ ತಲೆ ಎತ್ತಿದಳು. ಅತಿಥಿಯ ಕೈ ಹಿಡಿದು ಹತ್ತಿರ ಎಳೆದು, ಮಂಜು ಕಣ್ಣಿನಲ್ಲಿ ನೋಡಿ, "ಯಾರ್ ಬೇ ಇಕಿ? ನಮ್ಮ ದೊಡ್ಡಪ್ಪನ ಮಗಳಿದ್ದಂಗ ಅದಾಳ," ಎಂದಳು. ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಅತಿಥಿ ಅಂಗಳ ಅದುರುವಂತೆ ನಕ್ಕಳು.

ಊಟದ ತಾಟುಗಳ ಬೆನ್ನಿಗೆ ನಂಬರು ಹೊಡೆದಿರುತ್ತಿದ್ದರು. ಅವ್ವ ಹುಡುಗಿಯರನ್ನು ಆ ನಂಬರಿನಿಂದಲೇ ಕರೆಯುತ್ತಿದ್ದಳು, ನನ್ನನ್ನೂ. ನಾನು ಇಪ್ಪತ್ನಾಲ್ಕು. ಮಗಳಿಗೆ ಹೆಚ್ಚು ಹಾಕಿದಳು ಎಂದು ಯಾರೂ ಆಡಬಾರದೆಂದು ಎಲ್ಲರಿಗೂ ಹಾಕಿದ ಮೇಲೆ ಕಡೆಗೆ ನನಗೆ ಬಡಿಸುತ್ತಿದ್ದಳು. ಅತಿಥಿಗೆ ಇದನ್ನೆಲ್ಲ ಹೇಳುತ್ತಿದ್ದಂತೆ ಅವ್ವ ಎದ್ದು ಗೋಡೆ ಹಿಡಿಯುತ್ತ ಉಗ್ರಾಣಕ್ಕೆ ಹೋಗಿ, ಹಳೆಯ ತಾಟುಗಳ ಬೆನ್ನು ಬೆರಳಿನಿಂದ ಸವರಿ ಸವರಿ ಇಪ್ಪತ್ನಾಲ್ಕನ್ನು ಹುಡುಕಿ ತಂದಳು. ಕಣ್ಣು ಅಷ್ಟು ಹೋಗಿತ್ತು ಎಂದು ನನಗೆ ಅರ್ಥವಾದದ್ದು ಆಗಲೇ. ಎರಡು ವರ್ಷ "ಮುಂದಿನ ತಿಂಗಳು" ಎಂದ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು.

"ನಡಿ ಬೇ, ಸುರಪುರಕ್ಕ ಹೋಗೂಣು," ಎಂದೆ.

"ನಿನ್ನ ಮನಿಗಾ?" ಅವ್ವ ತಾಟನ್ನು ಸೆರಗಿನಿಂದ ಒರೆಸಿದಳು. "ಅವ್ರು ಏನರೆ ಕೇಳಿದ್ರ ಏನ ಹೇಳ್ಲಿ?"

"ಇದ್ದದ್ದು ಹೇಳು."

ದಾರಿಯುದ್ದಕ್ಕೂ ಅವ್ವ ಸೆರಗು ಸರಿಮಾಡಿಕೊಳ್ಳುತ್ತಲೇ ಇದ್ದಳು. ಮನೆ ಮುಟ್ಟಿದಾಗ ಮಾಲಕರ ಹೆಂಡತಿ ಬಾಗಿಲಲ್ಲೇ ಇದ್ದರು. "ತಾಯಿಯವ್ರೇನ್ರಿ? ಬರ್ರಿ ಅವ್ವಾ, ಬರ್ರಿ, ಒಂಬತ್ತು ವರ್ಷಕ್ಕ ದಾರಿ ಕಾಣ್ತಲ್ಲ," ಎಂದು ಪಡಸಾಲೆಯಲ್ಲಿ ಚಾಪೆ ಹಾಸಿದರು. ಒಳಗೆ ಚಹಾಕ್ಕೆ ಇಟ್ಟು ಬಂದು ಎದುರಿಗೆ ಕೂತರು. ಊರು ಯಾವುದು, ಮಕ್ಕಳೆಷ್ಟು ಎಲ್ಲ ಕೇಳಿದ ಮೇಲೆ ಅದೂ ಬಂತು. "ಮನಿದೇವ್ರು ತಿಂಥಣಿ ಅಂತ ಅಕ್ಕೋರು ಹೇಳ್ತಿದ್ರು."

ಅವ್ವ ನಾನಿದ್ದ ಕಡೆ ಮುಖ ತಿರುಗಿಸಿದಳು. "ಹೌದ್ರಿ ಅವ್ವಾರ. ತಿಂಥಣಿನ," ಎಂದಳು. ನನಗಾಗಿ ಹೇಳಿದಳು.

ಅಲ್ಲಿಗೇ ಬಿಡಬಹುದಿತ್ತು. ಆಪರೇಷನ್ನೂ ಆಗುತ್ತಿತ್ತು, ಮನೆಯೂ ಉಳಿಯುತ್ತಿತ್ತು. ಆದರೆ ಇಡೀ ತಿಂಗಳು ಅವಳು ನನ್ನ ಮನೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಬಾಯಿಗೂ ಕಟ್ಟಿಕೊಂಡು ಕೂರಬೇಕಾಗುತ್ತಿತ್ತು. ಪಕ್ಕದಲ್ಲಿ ಎದೆಯ ಮೇಲೆ ಕಾಲೇಜಿನ ಹೆಸರು ಹಾಕಿಕೊಂಡವಳು ಕೂತಿದ್ದಳು.

"ಅವ್ವಾರ, ನಮ್ಮವ್ವ ಶಹಾಪುರದಾಗ ಎಸ್ಸಿ ಹಾಸ್ಟೆಲ್‌ನ್ಯಾಗ ಅಡಗಿ ಮಾಡ್ತಿದ್ಲು," ಎಂದೆ. "ನಾ ಅದ ಹಾಸ್ಟೆಲ್‌ನ್ಯಾಗ ಓದಿದಾಕಿ. ನಾವು ಇಲ್ಲಿಯವರ."

ಆಕೆಯ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಮೋಸ ಹೋದವರ ಮುಖ ಅದು. "ಹೌದ್ರ್ಯಾ?" ಎಂದು ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಚಹಾ ಬಂದಾಗ ತಟ್ಟೆಯಲ್ಲಿ ಮೂರು ಇದ್ದವು. ನೀಲಿ ಹೂವಿನ ಪಿಂಗಾಣಿ ಕಪ್ಪು ಒಂದು. ಅದು ಅತಿಥಿಗೆ. ಇನ್ನೆರಡು ಕಾಗದದವು.

ಅತಿಥಿ ಮೂರೂ ಕಪ್ಪುಗಳನ್ನು ನೋಡಿದಳು. ಅನುವಾದ ಕೇಳಲಿಲ್ಲ. ತನ್ನದನ್ನು ನೆಲದ ಮೇಲಿಟ್ಟಳು, ಅದು ಆರಿ ಕೆನೆಗಟ್ಟುವ ತನಕ ಮುಟ್ಟಲಿಲ್ಲ. ಅವ್ವ ಮಾತ್ರ ಕಾಗದದ ಕಪ್ಪನ್ನು ಬೆರಳುಗಳಿಂದ ಸವರಿ ನೋಡಿ, ಎರಡೂ ಕೈಯಲ್ಲಿ ಹಿಡಿದು ಸೊರ್‌ ಎಂದು ಕುಡಿದಳು. "ಚಲೋ ಆತ್ ಬಿಡ್ರಿ ಅವ್ವಾರ, ಇದರಾಗ ತೊಳಿಯೋ ತ್ರಾಸ ಇಲ್ಲ," ಎಂದಳು. ಮೂವತ್ತು ವರ್ಷ ನೂರಾರು ಲೋಟ ತೊಳೆದವಳ ಮಾತು. ತಿಳಿಯದೆ ಹೇಳಿದಳೋ, ತಿಳಿದು ಹೇಳಿದಳೋ, ಅವಳ ಮುಖ ಎಷ್ಟು ನೋಡಿದರೂ ನನಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಅತಿಥಿ ಊರಿಗೆ ಹೋದ ನಾಲ್ಕು ದಿನಕ್ಕೆ ಮಾಲಕರು ಮೆಟ್ಟಿಲು ಹತ್ತಿ ಬಂದರು. "ಮಗನ ಮದುವಿ ಮಾಡಬೇಕಂತೀವ್ರಿ ಅಕ್ಕೋರ, ಮ್ಯಾಲಿನ ಮನಿ ಬೇಕಾಗ್ತೈತಿ," ಎಂದರು. ಅವರ ಮಗ ಆಗ ಪಿಯುಸಿ ಮೊದಲ ವರ್ಷ.

ನಾನು ಮನೆ ಮಾಡಿದ್ದು ಶಹಾಪುರದಲ್ಲೇ, ಹಾಸ್ಟೆಲ್ಲಿನ ಹಿಂದಿನ ಓಣಿಯಲ್ಲಿ. ಈಗ ದಿನಾ ಬಸ್ಸಿನಲ್ಲಿ ಸುರಪುರಕ್ಕೆ ಹೋಗಿ ಬರುತ್ತೇನೆ. ಹೊಸ ಮಾಲಕನಿಗೆ ಬಾಗಿಲಲ್ಲೇ ಎಲ್ಲ ಒಪ್ಪಿಸಿದೆ. ಅವನು ಕಣ್ಣು ಪಿಳಿಪಿಳಿ ಬಿಟ್ಟು, "ನಾ ಅದನ್ನ ಕೇಳಿಲ್ರಿ, ನೀರಿನ ಮೋಟಾರ ಮುಂಜಾನಿ ನೀವ ಹಚ್ಚತೀರೇನು ಅಂತ ಕೇಳ್ದೆ," ಎಂದ. ಯಾಕೆ ಕೇಳಲಿಲ್ಲ ಎಂದು ಒಂದು ವಾರ ಸಂಶಯಪಟ್ಟೆ. ಹುಟ್ಟಿದ ಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕಲಿತ ಗುಣವೂ ಅಷ್ಟು ಬೇಗ ಹೋಗುವುದಿಲ್ಲ.

ಅವ್ವನ ಎರಡೂ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ನನ್ನ ಮುಖ ನೋಡಿ, "ಮಾರಿಗಿ ಇಷ್ಟ್ಯಾಕ ಗಂಟ ಹಾಕ್ಕೊಂಡೀದಿ?" ಎಂದಳು.

ಆ ಮಾತಿನ ಮೇಲೆಯೇ ನಾನು ಫೋನು ಹಿಡಿದದ್ದು. ಹಾಸ್ಟೆಲ್ಲಿನ ಹಳೆಯ ಹುಡುಗಿಯರಲ್ಲಿ ನಂಬರು ಸಿಕ್ಕವರು ನಾಲ್ವರು. ಒಬ್ಬಳು ಕಕ್ಕೇರಾದಲ್ಲಿ ನರ್ಸ್, ಒಬ್ಬಳು ದೇವಾಪುರದಲ್ಲಿ ಟೀಚರ್. ಒಂದು ಭಾನುವಾರ ಹಾಸ್ಟೆಲ್ಲಿನ ಅಂಗಳಕ್ಕೆ ಬರಬೇಕು, ಮಕ್ಕಳನ್ನೂ ಕರೆತರಬೇಕು ಎಂದೆ. "ಯಾತಕ್ಕ?" ಎಂದು ನಾಲ್ವರೂ ಒಂದೇ ಧಾಟಿಯಲ್ಲಿ ಕೇಳಿದರು. ಅವರಿಗೂ ನನ್ನ ಮೇಲೆ ಸಂಶಯ. "ಸುಮ್ಮ ಊಟಕ್ಕ," ಎಂದೆ. ಒಬ್ಬಳು ಗಂಡನಿಗೆ ಏನು ಹೇಳಲಿ ಎಂದಳು. ಇನ್ನೊಬ್ಬಳು ಫೋಟೋ ತೆಗೆಯಬಾ‍ರದು ಎಂದು ಕರಾರು ಹಾಕಿದಳು. ಯಾರೂ ಬರುವುದಿಲ್ಲ ಎಂದೇ ನಾನು ಅಂದುಕೊಂಡಿದ್ದೆ.

ಬಾಯಿಂದ ಬಾಯಿಗೆ ಹೋಗಿ ಹತ್ತೊಂಬತ್ತು ಜನ ಬಂದರು. ಮೊದಲು ಗೇಟಿನ ಹೊರಗೇ ನಿಂತು ಒಬ್ಬರನ್ನೊಬ್ಬರು ನೋಡಿದರು. ಅವ್ವ ಕರಿ ಕನ್ನಡಕ ಹಾಕಿ ಕಟ್ಟೆಯ ಮೇಲಿಂದ, "ಏ ಹದಿನೇಳು, ಅಲ್ಲೇ ಯಾಕ ನಿಂತೀದಿ? ಒಳಗ ಬಾ. ಮೂವತ್ತೊಂದು, ನಿನ್ನ ಕೂಸೇನ ಇದು?" ಎಂದು ಕೂಗಿದಳು. ಆಮೇಲೆ ಗದ್ದಲವೋ ಗದ್ದಲ. ಉಗ್ರಾಣದ ಹಳೆಯ ತಾಟುಗಳಿಗೆ ಮುಗಿಬಿದ್ದು ಎಲ್ಲರೂ ತಮ್ಮ ತಮ್ಮ ನಂಬರು ಹುಡುಕುತ್ತಿದ್ದರು. ದೇವಾಪುರದ ಟೀಚರಿನ ಮಗಳು, "ಅವ್ವಾ, ನೀ ಇಲ್ಲಿ ಇದ್ದೀ ಅಂತ ನನಗ ಯಾಕ ಹೇಳಿಲ್ಲ?" ಎಂದು ಕೇಳುತ್ತಿದ್ದಳು. ಅವಳ ಅವ್ವ ತಾಟು ಹುಡುಕುವ ನೆಪದಲ್ಲಿ ಮುಖ ಆಚೆ ಮಾಡಿದ್ದಳು.

ಊಟವಾದ ಮೇಲೆ ಚಹಾ ಕಾಯಿಸಿದೆ. ಅಷ್ಟು ಜನಕ್ಕೆ ಲೋಟ ಎಲ್ಲಿಂದ ಎಂದು ಅಂಗಡಿಯಿಂದ ಒಂದು ಕಟ್ಟು ಕಾಗದದ ಕಪ್ಪು ತಂದಿದ್ದೆ. ಕಟ್ಟು ಬಿಚ್ಚುತ್ತಿದ್ದಂತೆ ಅವ್ವ ಬಂದು ನನ್ನ ಕೈ ಹಿಡಿದಳು.

"ಇವು ಬ್ಯಾಡ," ಎಂದಳು. ಮೆಲ್ಲಗೆ, ಯಾರಿಗೂ ಕೇಳದಂತೆ. "ಲೋಟ ತಗಿ. ಎಷ್ಟರೆ ಆಗ್ಲಿ, ನಾ ತೊಳೀತೀನಿ."

ನಾನು ಅವಳ ಕಣ್ಣು ನೋಡಿದೆ. ಪೊರೆ ತೆಗೆದ ಕಣ್ಣು, ನನ್ನನ್ನೇ ನೋಡುತ್ತಿತ್ತು. ಕಟ್ಟನ್ನು ಚೀಲಕ್ಕೆ ಹಾಕಿ ಉಗ್ರಾಣದಿಂದ ಸ್ಟೀಲ್ ಲೋಟಗಳನ್ನು ತಂದೆ. ಅವಳು ಆಗಲೇ ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು ನಳದ ಹತ್ತಿರ ಕೂತಿದ್ದಳು.